ಒಂದೇ ಪ್ರತಿಯ ಪತ್ರಿಕೆ

ನಮ್ಮ ವೈಜ್ಞಾನಿಕ ಕಥೆಗಳ ಪತ್ರಿಕೆಗೆ 'ಗ್ರಹಗತಿ' ಎಂದು ಹೆಸರಿಟ್ಟವನು ಗೆಳೆಯ ಚನ್ನೇಶ. ಆ ಹೆಸರು ನಂಬಿ ಜಾವಗಲ್ಲಿನ ಪುಣ್ಯಾತ್ಮರೊಬ್ಬರು ಮಗಳ ಜಾತಕ ಕಳಿಸಿದ್ದರು. ಅಚ್ಚು ಹಾಕಿಸುವ ಯೋಗ್ಯತೆ ನಮಗೆಲ್ಲಿತ್ತು? ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಕೂತು ಎಲ್ಲರ ಕತೆಗಳನ್ನೂ ನಾನೇ ಕೈಯಲ್ಲಿ ಬರೆಯುತ್ತಿದ್ದೆ, ಸಂಚಿಕೆಗೆ ಒಂದೇ ಪ್ರತಿ. ಅದು ಬಸ್ ಕಂಡಕ್ಟರುಗಳ ಕೈಯಲ್ಲಿ ಜಾವಗಲ್, ಹಳೇಬೀಡು ಸುತ್ತಿ, ಓದಿದವರ ಬೈಗುಳವನ್ನೆಲ್ಲ ಅಂಚಿನಲ್ಲಿ ಹೊತ್ತು, ಕೊನೆಗೆ ಬೇಲೂರಿನಲ್ಲಿ ಚನ್ನೇಶನ ಟ್ರಂಕು ಸೇರುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಸಂಸಾರಕ್ಕೆ ಬಿದ್ದೆವು, ಪತ್ರಿಕೆ ನಿಂತಿತು.

ಹೋದ ತಿಂಗಳು ಹಾಸನದಿಂದ ಸಿಂಧು ಎಂಬ ಉಪನ್ಯಾಸಕಿ ಫೋನ್ ಮಾಡಿದರು. "ಹಳೇ ಸಂಚಿಕೆ ಸಿಕ್ಕಿದ್ರೆ ಪುಸ್ತಕಾನೇ ತರೋಣ ಸರ್. ಪತ್ರಿಕೆ ಚರಿತ್ರೆ ನೀವೇ ಬರ್ಕೊಡಿ." ಈ ವಯಸ್ಸಿನಲ್ಲಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚನ್ನೇಶ ತೀರಿಕೊಂಡು ವರ್ಷ ಕಳೆದಿತ್ತು. ಟ್ರಂಕು ಎಲ್ಲಿ ಹೋಗುತ್ತದೆ ಎಂದುಕೊಂಡು ಬೇಲೂರಿನ ಬಸ್ಸು ಹತ್ತಿದೆ.

ಅವನ ಹೆಂಡತಿ ಶಾಂತಾದೇವಿ ಕಾಫಿ ಕೊಟ್ಟರು. ಬಂದ ವಿಷಯ ಕೇಳಿ ಮುಖ ಚಿಕ್ಕದು ಮಾಡಿಕೊಂಡರು.

"ಮನೆಗೆ ಸುಣ್ಣ ಹೊಡೆಸುವಾಗ ರದ್ದಿಯವನು ಟ್ರಂಕಿನ ಪೇಪರ್ ಕೇಳ್ದ, ಇಂದುಧರಣ್ಣ. ಅಕ್ಷರ ಅಂದ್ರೆ ಸರಸ್ವತಿ ಅಲ್ವಾ? ಅವರು ಅಷ್ಟು ಜೋಪಾನ ಮಾಡಿದ್ದು ಬೋಂಡಾ ಕಟ್ಟೋಕೆ ಹೋಗ್ಬಾರ್ದು ಅಂತ ಅರಿಶಿನ ಕುಂಕುಮ ಇಟ್ಟು ಯಗಚಿ ಹೊಳೆಗೆ ಬಿಟ್ಬಂದೆ. ತಪ್ಪಾಯ್ತಾ?"

ಬೋಂಡಾ ಅಂಗಡಿಗೆ ಹೋಗಿದ್ದರೆ ಎಣ್ಣೆ ಜಿಡ್ಡಿನ ನಾಲ್ಕು ಹಾಳೆಯಾದರೂ ಸಿಗುತ್ತಿದ್ದವೇನೋ. ಹಾಳು ಭಕ್ತಿ ಎಂದು ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಹಾರಾಡಲಿ? ನಮ್ಮ ಬರಹಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಇವರೊಬ್ಬರೇ.

"ಇಲ್ಲಮ್ಮ, ಸರಿಯಾಗೇ ಮಾಡಿದ್ರಿ" ಎಂದೆ.

ಶಾಂತಾದೇವಿ ಸಮಾಧಾನದಿಂದ ಎದುರಿಗೆ ಕೂತರು. "ನಂಗೆ ಅದನ್ನ ಮುಟ್ಟೋಕೇ ಬಿಡ್ತಿರ್ಲಿಲ್ಲ ಅವರು. ನಿಂಗೆ ಅರ್ಥ ಆಗಲ್ಲ ಕಣೇ ಅನ್ನೋರು. ಅವರು ಬರೆದಿದ್ದ ಒಂದಾದ್ರೂ ಕತೆ ಹೇಳಿ ಅಣ್ಣ, ಕೇಳ್ತೀನಿ."

ಬಾಯಿ ತೆರೆದೆ. ಸಂಪಾದಕೀಯಕ್ಕಾಗಿ ನಾವಿಬ್ಬರೂ ಆಡಿದ ಜಗಳ ನೆನಪಿತ್ತು, ಮುಖಪುಟಗಳ ಬಣ್ಣ ನೆನಪಿತ್ತು. ಕತೆಗಳು ಕಾಗದದ ಮೇಲಿವೆಯಲ್ಲ ಎಂಬ ಧೈರ್ಯದಲ್ಲಿ ತಲೆಯಲ್ಲಿ ಯಾವುದನ್ನೂ ಇಟ್ಟುಕೊಂಡಿರಲಿಲ್ಲ.

"ಚಂದ್ರನ ಮೇಲೆ ಒಬ್ಬ ತೆಂಗಿನ ತೋಟ ಮಾಡ್ತಾನಮ್ಮ" ಎಂದು ಶುರು ಮಾಡಿದೆ.

"ಹೂಂ, ಆಮೇಲೆ?" ಎಂದರು ಶಾಂತಾದೇವಿ.

ಆಮೇಲಿನದು ನನಗೂ ಗೊತ್ತಿರಲಿಲ್ಲ.