ಎದುರಿನವರ ಪರವಾಗಿ

"ಟ್ಯೂನಿಸೂ ಬೇಡ, ನಾಟಕವೂ ಬೇಡ." ಮೊಂಜಿಯಾ ಒಣಮೆಣಸಿನಕಾಯಿಯ ತೊಟ್ಟು ಮುರಿದಳು. "ನನ್ನ ಮಗ ಸತ್ತು ವರ್ಷ ತುಂಬಿಲ್ಲ. ಈ ಕೆಫ್ ಊರಿನೋರ ಬಾಯಿ ಗೊತ್ತಿಲ್ವಾ ನಿಂಗೆ?"

"ನೀವು ಊರ ಬಾಯಿಗೆ ಯಾವತ್ತು ಹೆದರಿದ್ರಿ, ಅತ್ತೆ? ಇಪ್ಪತ್ತು ವರ್ಷ ಬಣ್ಣ ಹಚ್ಚಿದೋರು."

"ಆಗ ನನ್ನ ಗಂಡ ಬದುಕಿದ್ದ. ಬಾಗಿಲಲ್ಲಿ ನಿಂತು ಟಿಕೆಟ್ ಹರೀತಿದ್ದ. ಸುಮ್ನೆ ಬೀಜ ತೆಗಿ."

ಸೊಸೆ ದೊರ್ಸಾಫ್ ಬೀಜ ತೆಗೆದಳು. ಹರಿಸಾ ಎಂಬ ಖಾರದ ಚಟ್ನಿ ಅರೆಯಲೆಂದು ಅಂಗಳದಲ್ಲಿ ಸುರಿದಿದ್ದ ರಾಶಿ ಅರ್ಧವೂ ಕರಗಿರಲಿಲ್ಲ. ಅವಳಿದ್ದ ನಾಟಕ ತಂಡದ ವ್ಯಾನು ಮರುದಿನ ಬೆಳಿಗ್ಗೆ ಟ್ಯೂನಿಸ್‌ಗೆ ಹೊರಡುವುದಿತ್ತು. ಅತ್ತೆ ಒಪ್ಪದೆ ಅವಳು ಹತ್ತುವವಳಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಹಾಗಾದ್ರೆ ಅದಲುಬದಲು ಮಾಡೋಣ," ಎಂದಳು.

ಮೊಂಜಿಯಾಳ ಕೈ ನಿಂತಿತು. ಅದು ನಿರ್ದೇಶಕ ತಿಜಾನಿಯವರ ಪದ್ಧತಿ. ಅವರು ತೀರಿಹೋಗಿ ಬಹಳ ಕಾಲವಾಗಿತ್ತು. ಅತ್ತೆ ಅವರಿಂದಲೇ ಕಲಿತವಳು, ಸೊಸೆ ಅವರ ಶಿಷ್ಯರಿಂದ. ತಾಲೀಮಿನಲ್ಲಿ ಜಗಳದ ದೃಶ್ಯ ಕಳೆಗಟ್ಟದಿದ್ದರೆ ನಟರಿಬ್ಬರೂ ಜಾಗ ಬದಲಿಸಿ, ಎದುರಿನವರ ಪರವಾಗಿ ಮಾತಾಡಬೇಕು. ಅಣಕಿಸುವಂತಿಲ್ಲ. ಗೆಲ್ಲಲೆಂದೇ ಮಾತಾಡಬೇಕು.

"ಆ ಮುದುಕ ಗೋರಿ ಸೇರಿದ್ರೂ ಸುಮ್ನಿರಲ್ಲ," ಎಂದು ಗೊಣಗುತ್ತ ಮೊಂಜಿಯಾ ಎದ್ದು ಸೊಸೆಯ ಮಣೆಯಲ್ಲಿ ಕೂತಳು.

ದೊರ್ಸಾಫ್ ಅತ್ತೆಯ ಮಣೆಯಲ್ಲಿ ಕೂತು ಬೆನ್ನು ಬಾಗಿಸಿದಳು. "ನೀನು ಹೋದ್ರೆ ಈ ಮನೇಲಿ ನನ್ನ ಮಗನ ವಿಷಯ ಯಾರ ಹತ್ರ ಆಡ್ಲಿ? ಗೋಡೆ ಹತ್ರಾನಾ?"

ಮೊಂಜಿಯಾ ಈ ಮಾತನ್ನು ಯಾವತ್ತೂ ಆಡಿರಲಿಲ್ಲ. ಆದರೆ ಉತ್ತರ ಕೊಡಲೇಬೇಕಿತ್ತು.

"ದಿನಾ ಆಡ್ತೀವಲ್ಲ, ಅತ್ತೆ." ದನಿ ಸೊಸೆಯದಾಗಿತ್ತು. "ಆಡಿ ಆಡಿ ಮಾತಷ್ಟೇ ಉಳೀತು. ಅವರ ಮುಖ ಮರೀತಾ ಇದೆ. ನಾನು ಅಳ್ತೀನಾ ಅಂತ ನೀವು ನೋಡ್ತಾನೇ ಇರ್ತೀರಿ. ನಂಗೆ ಅಳು ಬರಲ್ಲ. ಅಳು ಬರದೇ ಇರೋರನ್ನ ಕೂರಿಸ್ಕೊಂಡು ಏನ್ಮಾಡ್ತೀರಿ? ಕಳಿಸ್ಕೊಡಿ."

ದೊರ್ಸಾಫ್ ಈಗ ಅತ್ತೆಯಾಗಿ ಬೇಡ ಎನ್ನಬೇಕಿತ್ತು, ಗೆಲ್ಲುವ ಹಾಗೆ. ಒಂದು ಮೆಣಸಿನಕಾಯಿ ಎತ್ತಿಕೊಂಡು ಅತ್ತೆಯ ಹಾಗೆಯೇ ತೊಟ್ಟು ಮುರಿದಳು, ಅಷ್ಟೇ.

"ಹೇಳೇ," ಮೊಂಜಿಯಾ ತನ್ನದೇ ದನಿಗೆ ಮರಳಿದಳು. "ನನ್ನ ಪರವಾಗಿ ಇನ್ನೊಂದು ಮಾತೂ ಇಲ್ವಾ?"

ದೊರ್ಸಾಫ್ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ನಿನ್ನ ಪರವಾಗಿ ನಾನೇ ಗೆದ್ದೆ."

ಹಾಗೆಂದು ಎದ್ದು, ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದು ಒಳಗೆ ಹೋದಳು. ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿದ ಸದ್ದಾಯಿತು. ಅದರಲ್ಲಿ ತುಂಬಿಟ್ಟಿದ್ದ ಚಳಿಗಾಲದ ಕಂಬಳಿಗಳನ್ನು ಅವಳು ಒಂದೊಂದಾಗಿ ಹೊರಗೆ ತಂದು, ಕೊಡವಿ, ಬಿಸಿಲಲ್ಲಿ ಹಗ್ಗದ ಮೇಲೆ ಹರವತೊಡಗಿದಳು.