ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ

ರಜೆ ಮುಗಿದು ಶಾಲೆ ಶುರುವಾದ ಎರಡನೇ ವಾರಕ್ಕೆ ಮನೆಮನೆಯಲ್ಲೂ ಒಂದೇ ರಗಳೆ. ಒಂದು ಮನೆಯಲ್ಲಿ ನೆಗಡಿ, ಇನ್ನೊಂದರಲ್ಲಿ ಹೊಟ್ಟೆನೋವು, ಮತ್ತೊಂದರಲ್ಲಿ ಬೆಳಿಗ್ಗೆ ಏಳಕ್ಕೆ ಬಂದು ಹತ್ತು ಗಂಟೆಗೆ ತಾನಾಗಿಯೇ ಹೋಗುವ ಜ್ವರ. ಇಂಥ ಜ್ವರಗಳನ್ನು ಟಿಕೆಟ್ ಅಕ್ಕ ಚೆನ್ನಾಗಿ ಬಲ್ಲಳು. ಚಿಕ್ಕವಳಿದ್ದಾಗ ತಾನೂ ಬರಿಸಿಕೊಂಡವಳೇ.

ಟಿಕೆಟ್ ಅಕ್ಕ ಬಸ್ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಒಂದೇ ರೂಟು. ಪ್ರಯಾಣಿಕರು ಇಟ್ಟ ಹೆಸರು ಬೀದಿಯವರ ಬಾಯಲ್ಲೂ ನಿಂತುಬಿಟ್ಟಿದೆ. ಗಂಡ ಬಡಗಿ, ಮಾತು ಕಡಿಮೆ. ಒಬ್ಬಳೇ ಮಗಳು, ಈ ವರ್ಷ ಎಂಟನೇ ತರಗತಿಗೆ ದೊಡ್ಡ ಶಾಲೆ ಸೇರಿದ್ದಾಳೆ.

ಆ ದಿನ ಬೆಳಿಗ್ಗೆ ಮಗಳು ಹಾಸಿಗೆಯಲ್ಲಿ ಮುದುಡಿಕೊಂಡು, "ಅಮ್ಮ, ಸೊಂಟದ ಮೇಲ್ಗಡೆ ನೋಯ್ತಿದೆ. ಚಳಿ ಆಗ್ತಿದೆ," ಎಂದಳು.

"ಇವತ್ತು ಲೆಕ್ಕದ ಟೆಸ್ಟ್ ಇದ್ಯಾ?"

"ಇದೆ."

"ಹಾಗಿದ್ರೆ ನೋವು ಎಲ್ಲಿಂದ ಬಂತು ಅಂತ ಗೊತ್ತಾಯ್ತು ಬಿಡು. ಏಳು."

ಗಂಡ ಮಗಳ ಹಣೆ ಮುಟ್ಟಿ ನೋಡಿದ. "ಮೈ ಬಿಸಿಯಾಗಿದೆ ಕಣೇ."

"ಹೊದ್ದುಕೊಂಡು ಮಲಗಿದ್ರೆ ಬಿಸಿಯಾಗದೆ ತಣ್ಣಗಿರುತ್ತಾ? ನೀವು ಮುದ್ದು ಮಾಡಿ ಮಾಡಿ ಕೆಡಿಸಿಟ್ಟಿದ್ದೀರಿ." ಹೀಗೆನ್ನುತ್ತಲೇ ಅವಳು ಕಪಾಟಿನಲ್ಲಿ ಹಿಂದಿನ ಸಲ ಮಿಕ್ಕಿದ್ದ ಜ್ವರದ ಮಾತ್ರೆಯನ್ನು ಹುಡುಕಿ ಕೊಟ್ಟಳು. ಹುಡುಗಿ ಮಾತ್ರೆ ನುಂಗಿ, ಬ್ಯಾಗು ಏರಿಸಿಕೊಂಡು, ಗೂನು ಬೆನ್ನಿನ ಮುದುಕಿಯ ಹಾಗೆ ಮೆಟ್ಟಿಲಿಳಿದಳು.

ಪಕ್ಕದ ಮನೆಯ ನರ್ಸಮ್ಮ ಆಸ್ಪತ್ರೆಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಹುಡುಗಿಯನ್ನು ನೋಡಿ, "ಏನಕ್ಕ, ಇವಳು ಯಾಕೆ ಹೀಗೆ ಬಗ್ಗಿ ನಡೀತಿದ್ದಾಳೆ?" ಎಂದರು.

"ಸೊಂಟ ನೋವಂತೆ. ಹದಿಮೂರು ವರ್ಷಕ್ಕೆ ಸೊಂಟ ನೋವು, ನೋಡಿ."

"ಮೂತ್ರ ಸರಿಯಾಗಿ ಹೋಗ್ತಿದ್ಯಾ? ದಿನಕ್ಕೆ ಎಷ್ಟು ಸಲ?"

ಟಿಕೆಟ್ ಅಕ್ಕನ ಮುಖದಲ್ಲಿ ಒಂದಿಷ್ಟು ಜಂಬ ಮೂಡಿತು. "ಬೆಳಿಗ್ಗೆ ಹೊರಡುವಾಗ ಒಂದ್ಸಲ, ಸಂಜೆ ಬಂದಮೇಲೆ ಒಂದ್ಸಲ. ನಾನೇ ಅಭ್ಯಾಸ ಮಾಡ್ಸಿದ್ದು."

ನರ್ಸಮ್ಮನ ಕೈ ಬೀಗದ ಮೇಲೆಯೇ ನಿಂತಿತು.

ಆ ಅಭ್ಯಾಸ ಟಿಕೆಟ್ ಅಕ್ಕನಿಗೆ ಕೆಲಸ ಕಲಿಸಿದ್ದು. ಕೊನೆಯ ನಿಲ್ದಾಣದಲ್ಲಿ ಬಸ್ಸು ಐದೇ ನಿಮಿಷ ನಿಲ್ಲುತ್ತದೆ. ಅಲ್ಲಿ ಶೌಚಾಲಯವಿಲ್ಲ, ಒಂದು ಮರವಿದೆ, ಅದು ಗಂಡಸರಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಹಿರಿಯ ಕಂಡಕ್ಟರಮ್ಮ ಒಬ್ಬರು ಗುಟ್ಟು ಹೇಳಿಕೊಟ್ಟಿದ್ದರು: ಡ್ಯೂಟಿ ಮುಗಿಯುವ ತನಕ ನೀರು ನುಂಗಬೇಡ, ಬಾಯಿ ಒಣಗಿದರೆ ಮುಕ್ಕಳಿಸಿ ಉಗಿ. ಹೊಸ ಶಾಲೆಯ ಮೊದಲ ದಿನವೇ ಮಗಳು ಅಳುಮೋರೆ ಹಾಕಿಕೊಂಡು ಬಂದು, ಶಾಲೆಯ ಶೌಚಾಲಯಕ್ಕೆ ಚಿಲಕವೇ ಇಲ್ಲ, ಬಾಗಿಲು ಹಿಡಿದುಕೊಳ್ಳಲು ಗೆಳತಿ ಬೇಕು, ಹುಡುಗರು ನಗುತ್ತಾರೆ ಎಂದಾಗ, ತಾಯಿ ಅದೇ ಗುಟ್ಟನ್ನು ಆಸ್ತಿ ವಹಿಸಿಕೊಟ್ಟಂತೆ ವಹಿಸಿಕೊಟ್ಟಿದ್ದಳು.

"ಅಕ್ಕ, ಇದು ಅಭ್ಯಾಸ ಅಲ್ಲ, ಅಪಾಯ," ಎಂದರು ನರ್ಸಮ್ಮ. "ಚಳಿ ಬೇರೆ ಇದೆ, ಬೆನ್ನು ನೋವು ಬೇರೆ ಇದೆ. ಇವತ್ತು ಶಾಲೆ ಬೇಡ. ನನ್ ಜೊತೆ ಆಸ್ಪತ್ರೆಗೆ ಕಳಿಸಿ."

"ಹದಿನಾಲ್ಕು ವರ್ಷದಿಂದ ನಾನು ಹಾಗೇ ಇದ್ದೀನಿ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿಲ್ವಾ?" ಟಿಕೆಟ್ ಅಕ್ಕ ಗಡಿಯಾರ ನೋಡಿಕೊಂಡಳು. "ನೀವು ಆಸ್ಪತ್ರೆಯವರಿಗೆ ಕೆಮ್ಮಿದ್ರೂ ಕಾಯಿಲೆ, ಸೀನಿದ್ರೂ ಕಾಯಿಲೆ. ನನಗೆ ಬಸ್ಸಿಗೆ ಹೊತ್ತಾಯ್ತು."

ಮಧ್ಯಾಹ್ನ ಎರಡೂವರೆಗೆ ಶಾಲೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಹತ್ತಿದವಳು ಅವಳ ಮಗಳೇ. ಶಾಲೆ ಬಿಡಲು ಇನ್ನೂ ಎರಡು ಗಂಟೆ ಇತ್ತು. ಟಿಕೆಟ್ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಜನರ ಮಧ್ಯೆ ದಾರಿ ಮಾಡಿಕೊಂಡು ಬಂದು, "ಟೆಸ್ಟ್ ತಪ್ಪಿಸ್ಕೊಂಡು ಬಂದ್ಯಾ?" ಎಂದು ತೋಳು ಹಿಡಿದಳು. ತೋಳು ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಹುಡುಗಿಯ ಹಲ್ಲುಗಳು ಕಟಕಟನೆ ಕಡಿಯುತ್ತಿದ್ದವು. "ಟೀಚರ್ ಕಳಿಸಿದ್ರು, ಅಮ್ಮ," ಎಂದಳು. ಹಾಗೆಂದವಳೇ ಎರಡು ಸೀಟುಗಳ ನಡುವೆ ಕುಸಿದುಬಿದ್ದಳು.

ಮುಂದೆ ಏನಾಯಿತೆಂದು ಟಿಕೆಟ್ ಅಕ್ಕನನ್ನು ಕೇಳಿದರೆ ಅವಳಿಗೆ ನೆನಪಿಲ್ಲ. ಅವಳು ಸೀಟಿ ಊದಿದಳಂತೆ, ನಿಲ್ಲಿಸದೆ ಊದುತ್ತಲೇ ಇದ್ದಳಂತೆ. ಡ್ರೈವರಣ್ಣ ತಿರುಗಿ ನೋಡಿದವನೇ, ನಲವತ್ತು ಪ್ರಯಾಣಿಕರ ಸಮೇತ ಬಸ್ಸನ್ನು ಆಸ್ಪತ್ರೆಯ ದಾರಿಗೆ ಹೊರಳಿಸಿದ. ಯಾರೂ ಗೊಣಗಲಿಲ್ಲ. ತರಕಾರಿ ಬುಟ್ಟಿಯ ಮುದುಕಿಯೊಬ್ಬಳು ದಾರಿಯುದ್ದಕ್ಕೂ ಹುಡುಗಿಯ ಅಂಗಾಲು ಉಜ್ಜುತ್ತಾ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಆಯಿತು. ಕೈಗೆ ಡ್ರಿಪ್ ಹಾಕಿದರು. ಗಂಡ ಮರದ ಪುಡಿ ಮೆತ್ತಿದ ಅಂಗಿಯಲ್ಲೇ ಓಡಿಬಂದ. ಡಾಕ್ಟರ್ ಕಾಗದ ನೋಡಿ ಹೇಳಿದರು: "ಮೂತ್ರದ ಸೋಂಕು. ಮೂತ್ರಕೋಶದಿಂದ ಮೇಲೆ ಹತ್ತಿ ಕಿಡ್ನಿಗೆ ತಲುಪಿದೆ. ಇನ್ನೊಂದೆರಡು ದಿನ ತಡ ಮಾಡಿದ್ರೆ ರಕ್ತಕ್ಕೂ ಇಳೀಬಹುದಿತ್ತು. ಆಗ ಜೀವಕ್ಕೇ ಕುತ್ತು."

ಟಿಕೆಟ್ ಅಕ್ಕನಿಗೆ ನಂಬಲಾಗಲಿಲ್ಲ. ಶಾಲೆಗೆ ಹೋದ ಮಗು, ನೆಗಡಿ ಅಲ್ಲ, ಪೆಟ್ಟಲ್ಲ, ಕಿಡ್ನಿ ಎನ್ನುತ್ತಿದ್ದಾರೆ.

"ದಿನಾ ನೀರು ಕುಡೀತಿರಲಿಲ್ವಾ ಮಗು? ಬೇಡ ಅಂತ ಯಾರಾದ್ರೂ ಹೇಳಿದ್ರಾ?" ಎಂದು ಡಾಕ್ಟರ್ ಹುಡುಗಿಯನ್ನು ಕೇಳಿದರು.

ಹುಡುಗಿ ತುಟಿ ಬಿಚ್ಚಲಿಲ್ಲ. ಅಮ್ಮನ ಕಡೆ ನೋಡಲೂ ಇಲ್ಲ, ಗೋಡೆ ನೋಡುತ್ತಾ ಮಲಗಿದಳು. ಮಗಳು ತನ್ನನ್ನು ಕಾಪಾಡುತ್ತಿದ್ದಾಳೆ ಎಂದು ತಾಯಿಗೆ ಹೊಳೆದಾಗ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

"ನಾನೇ ಹೇಳಿದ್ದು ಡಾಕ್ಟ್ರೇ," ಎಂದಳು.

ಆಮೇಲೆ ಅಲ್ಲೇ ಡ್ಯೂಟಿಯಲ್ಲಿದ್ದ ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿದರು. ಬೆಳಿಗ್ಗೆಯ ಮಾತನ್ನು ಎತ್ತಿ ಆಡಲಿಲ್ಲ. "ಅಕ್ಕ, ನೀರು ಕಮ್ಮಿಯಾಗಿ, ಮೂತ್ರ ಗಂಟೆಗಟ್ಟಲೆ ಒಳಗೇ ನಿಂತ್ರೆ ರೋಗಾಣು ಅಲ್ಲೇ ಬೆಳೆಯುತ್ತೆ. ಹೋಗ್ತಾ ಬರ್ತಾ ಇದ್ರೆ ತೊಳೆದು ಹೋಗುತ್ತೆ. ಇವಳ ವಯಸ್ಸಿನವರಿಗೆ ದಿನಕ್ಕೆ ಆರೇಳು ಲೋಟ ನೀರಾದ್ರೂ ಬೇಕು, ಸೆಕೆಯಲ್ಲಿ ಇನ್ನೂ ಜಾಸ್ತಿ. ಮೂರು ನಾಲ್ಕು ಗಂಟೆಗೊಂದ್ಸಲ ಹೋಗಲೇಬೇಕು. ಮುಟ್ಟಿನ ದಿನಗಳಲ್ಲಿ ಬಟ್ಟೆ, ಪ್ಯಾಡ್ ಬದಲಾಯಿಸೋಕೂ ಶೌಚಾಲಯ ಬೇಕು ತಾನೆ?"

"ಗಾಢ ಹಳದಿ ಹೋಗ್ತಿದೆ, ಉರಿ ಅಂತ ಒಂದ್ಸಲ ಅಂದಿದ್ಳು. ಉಷ್ಣ ಅಂದೆ. ನನಗೂ ಆಗಾಗ ಹಾಗೇ ಆಗುತ್ತೆ."

"ಆಗಾಗ ಅಂದ್ರೆ?"

"ವರ್ಷಗಳಿಂದ."

ನರ್ಸಮ್ಮ ಮೂತ್ರ ಪರೀಕ್ಷೆಯ ಒಂದು ಪುಟ್ಟ ಡಬ್ಬಿ ತಂದು ಅವಳ ಕೈಗಿಟ್ಟರು. ಪರೀಕ್ಷೆಯಲ್ಲಿ ಅವಳಿಗೂ ಸೋಂಕಿರುವುದು ಗೊತ್ತಾಯಿತು. ಗುಂಡುಕಲ್ಲು ಒಳಗಿಂದೊಳಗೇ ಸವೆಯುತ್ತಿತ್ತು. ಅಂದು ತಾಯಿ ಮಗಳಿಬ್ಬರಿಗೂ ಒಂದೇ ಚೀಟಿಯ ಮೇಲೆ ಔಷಧಿ ಬರೆದಂತಾಯಿತು. ಡಾಕ್ಟರ್ ಬೆರಳೆತ್ತಿ ಹೇಳಿದರು: "ಹುಷಾರಾಯ್ತು ಅಂತ ಮಧ್ಯದಲ್ಲಿ ಮಾತ್ರೆ ನಿಲ್ಲಿಸಬಾರದು. ಹೇಳಿದಷ್ಟು ದಿನ ಪೂರ್ತಿ ತಗೋಬೇಕು."

ಐದನೇ ದಿನ ಹುಡುಗಿ ಮನೆಗೆ ಬಂದಳು. ಮಾತು ಕಡಿಮೆಯ ಅಪ್ಪ ಅಷ್ಟರಲ್ಲಿ ಯಾರಿಗೂ ಹೇಳದೆ ಶಾಲೆಗೆ ಹೋಗಿ, ಹೆಡ್‌ಮಿಸ್ಸಿನ ಒಪ್ಪಿಗೆ ಪಡೆದು, ಹುಡುಗಿಯರ ಮೂರೂ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದು ಬಂದಿದ್ದ. ಹೆಡ್‌ಮಿಸ್ಸು ನಲ್ಲಿ ರಿಪೇರಿ ಮಾಡಿಸಿ, ಸೋಪು ಇಡಿಸಿ, ಮಕ್ಕಳಿಗೆ ನಾಲ್ಕು ಮಾತು ಹೇಳಲು ನರ್ಸಮ್ಮನನ್ನು ಕರೆದರು. ಟಿಕೆಟ್ ಅಕ್ಕನೂ ಜೊತೆಗೆ ಹೋದಳು.

ಎಂಟನೇ ತರಗತಿಯ ಹುಡುಗಿಯರು ಮೂವತ್ತೆರಡು ಜನ. ನರ್ಸಮ್ಮ ಕೇಳಿದರು: "ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯದೆ ಇರೋರು ಎಷ್ಟು ಜನ? ಯಾರೂ ಬೈಯಲ್ಲ, ಕೈ ಎತ್ತಿ."

ಮೊದಲು ಎರಡು ಕೈ ಎದ್ದವು. ಆಮೇಲೆ ಒಂದರ ಹಿಂದೆ ಒಂದು. ಎಣಿಸಿದರೆ ಇಪ್ಪತ್ತೇಳು. ಬಾಗಿಲ ಬಳಿ ನಿಂತಿದ್ದ ಟಿಕೆಟ್ ಅಕ್ಕ ಇನ್ನೊಮ್ಮೆ ಎಣಿಸಿದಳು. ತನ್ನ ಮನೆಯೊಂದರದೇ ತಪ್ಪು ಎಂದುಕೊಂಡಿದ್ದಳು ಅವಳು.

"ಹಾಗಿರು ಅಂತ ಮನೆಯಲ್ಲೇ ಹೇಳಿಸಿಕೊಂಡಿರೋರು ಮಾತ್ರ ಕೈ ಎತ್ತಿಕೊಂಡೇ ಇರಿ. ಉಳಿದವರು ಇಳಿಸಿ."

ಹನ್ನೊಂದು ಕೈಗಳು ಇಳಿಯಲಿಲ್ಲ.

ಓದುವ ಅಮ್ಮಂದಿರೇ, ಅಪ್ಪಂದಿರೇ, ಆ ಹನ್ನೊಂದರಲ್ಲಿ ಒಂದು ನಿಮ್ಮ ಮಗುವಿನ ಕೈ ಇರಬಹುದು. ಇವತ್ತು ಸಂಜೆ ಮಗು ಮನೆಗೆ ಬಂದಾಗ ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು, ಶಾಲೆಯಲ್ಲಿ ಎಷ್ಟು ಸಲ ನೀರು ಕುಡಿದೆ, ಎಷ್ಟು ಸಲ ಹೋದೆ ಎಂದು ಕೇಳಿ. ಗಂಡುಮಗುವನ್ನೂ ಕೇಳಿ, ಕಾಲೇಜಿಗೆ ಹೋಗುವವರನ್ನೂ ಕೇಳಿ. ಉರಿ, ಚಳಿಜ್ವರ, ಬೆನ್ನಿನ ಪಕ್ಕದ ನೋವು ಕಂಡರೆ ಹಳೆಯ ಮಾತ್ರೆ ಹುಡುಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದು ದಿನ ಬಿಡುವು ಮಾಡಿಕೊಂಡು ಶಾಲೆಗೆ ಹೋಗಿ ಶೌಚಾಲಯದ ಬಾಗಿಲು ತೆರೆದು ನೋಡಿ. ಆ ಬಾಗಿಲು ಭದ್ರವಾಗಿ ಮುಚ್ಚದಿದ್ದರೆ ನಿಮ್ಮ ಮಗು ನೀರು ಕುಡಿಯುತ್ತಿಲ್ಲ.