ಹದಿನಾಲ್ಕನೆಯ ಸ್ಲೈಡ್

ಗುರುದತ್ತ ಸರ್ ರಿಮೋಟ್ ಒತ್ತಿದರು. ಎದುರಿನ ಕುರ್ಚಿಯಲ್ಲಿ ಕೂತಿದ್ದ ಬಂಗಾರಿ ಬೆಚ್ಚಿ ತಲೆಯೆತ್ತಿದಳು. ನಡುವೆ ಕಡಿದುಹೋದದ್ದು ಅವಳದೇ ಹಾಡು.

ಹೊನ್ನಾವರದ ಕಾಲೇಜೊಂದರಲ್ಲಿ ಅಂದು ಜಾನಪದ ವಿಚಾರಗೋಷ್ಠಿ. ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಪವಿತ್ರಾ ಸಿಟ್ಟಿನಿಂದ ಪರದೆಯತ್ತ ತಿರುಗಿದಳು. ಹಾಲಕ್ಕಿ ಜನರ ಹಾಡುಗಳನ್ನು ಸಂಗ್ರಹಿಸುವ ಸರ್ ಅವರ ಕೆಲಸಕ್ಕೆ ಅವಳು ಸಹಾಯಕಿ. ಬಂಗಾರಿ ಅವಳ ಅಜ್ಜಿ. ಈ ಹದಿನಾಲ್ಕನೆಯ ಸ್ಲೈಡನ್ನು ಅವಳು ಮೂರು ದಿನ ಕೂತು ಮಾಡಿದ್ದಳು. ಅಜ್ಜಿ ಒಂದು ಸಾಲು ಹಾಡುತ್ತಿದ್ದಂತೆ ಆ ಸಾಲು ಪರದೆಯ ಮೇಲೆ ಮೂಡಬೇಕು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅದಾದ ಮೇಲೆ ಎರಡನೆಯ ಸಾಲು.

ಆ ಏನೂ ಇಲ್ಲದ ಹೊತ್ತಿಗಾಗಿಯೇ ಅವಳು ಅಷ್ಟು ಕಷ್ಟಪಟ್ಟಿದ್ದು. ಊರಿನಲ್ಲಿ ಈ ಹಾಡನ್ನು ಒಬ್ಬಳೇ ಹಾಡುವುದಿಲ್ಲ. ಒಬ್ಬಳು ಸಾಲು ಎತ್ತಿಕೊಟ್ಟರೆ ಎದುರಿನವಳು ಅದನ್ನೇ ತಿರುಗಿ ಹೇಳಬೇಕು. ಆಮೇಲೆಯೇ ಮುಂದಿನ ಸಾಲು. ನಲವತ್ತು ವರ್ಷದಿಂದ ಬಂಗಾರಿಯ ಎದುರು ಹೇಳುತ್ತ ಬಂದವಳು ನೆರೆಮನೆಯ ಮಾದಿ. ಧ್ವನಿಮುದ್ರಣಕ್ಕೆಂದು ಕುಮಟೆಗೆ ಹೋಗುವ ದಿನ ಸರ್, "ಒಬ್ರು ಸಾಕು, ಕಾರಲ್ಲಿ ಜಾಗ ಇಲ್ಲ," ಎಂದುಬಿಟ್ಟಿದ್ದರು. ಬಂಗಾರಿ ಒಬ್ಬಳೇ ಮೈಕಿನ ಮುಂದೆ ಕೂತು, ಒಂದೊಂದು ಸಾಲು ಮುಗಿದಾಗಲೂ ಅಲ್ಲಿಲ್ಲದ ಮಾದಿಗಾಗಿ ಕಾದಿದ್ದಳು. ಸರಿಯಾಗಿ ಒಂದು ಸಾಲು ಹೇಳುವಷ್ಟು ಹೊತ್ತು. ಆ ಖಾಲಿಯನ್ನು ಕತ್ತರಿಸು ಎಂದು ಸರ್ ಎರಡು ಸಲ ಹೇಳಿದ್ದರು. ಪವಿತ್ರಾ ಕತ್ತರಿಸಿರಲಿಲ್ಲ.

ಈಗ ಪರದೆಯ ಮೇಲೆ ಹದಿನೈದನೆಯ ಸ್ಲೈಡ್ ಇತ್ತು. ಅದರಲ್ಲಿ ಗದ್ದೆಯ ಅಂಚಿನಲ್ಲಿ ನಿಂತ ಸರ್ ಅವರದೇ ಫೋಟೋ.

"ಸರ್, ಹಾಡು ಮುಗೀಲಿಲ್ಲ," ಎಂದಳು ಪವಿತ್ರಾ.

"ಎಂತದೋ ನಿಂತು ಹೋಯ್ತಲ್ಲೇ ಮಾರಾಯ್ತಿ," ಎಂದು ಅವರು ಸಭೆಯತ್ತ ನಕ್ಕರು. ಸಭೆಯೂ ನಕ್ಕಿತು.

"ನಿಂತದ್ದಲ್ಲ. ಕಾಯ್ತಾ ಇದ್ದದ್ದು."

"ಆತು, ಹಿಂದೆ ಹೋಗುವಾ." ಅವರು ಹಿಂದಿನ ಗುಂಡಿ ಒತ್ತಿದರು. ಹದಿನಾಲ್ಕನೆಯದು ಬಂತು, ಆದರೆ ನಾಲ್ಕೂ ಸಾಲು ಒಟ್ಟಿಗೇ ಮೂಡಿಕೊಂಡು, ದನಿಯಿಲ್ಲದೆ. ಹಿಂದಕ್ಕೆ ಬಂದರೆ ಸ್ಲೈಡ್ ಹಾಗೆಯೇ ಬರುತ್ತದೆ, ಆಗಬೇಕಾದದ್ದೆಲ್ಲ ಆಗಿಹೋದಂತೆ.

"ಕಾಣ್ತದಲ್ಲ, ಪೂರ್ತಿ ಅದೆ. ಓದ್ಕೊಳ್ಳಲಿ ಎಲ್ರೂ."

ಅಜ್ಜಿಗೆ ಓದಲು ಬರುವುದಿಲ್ಲ.

ರಿಮೋಟಿನ ಸಂಕೇತ ಹಿಡಿಯುವ ಚೂರೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿತ್ತು. ಪವಿತ್ರಾ ಅದನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ಕೀಲಿಮಣೆಯಲ್ಲಿ ಒಂದು, ನಾಲ್ಕು ಒತ್ತಿ ಎಂಟರ್ ಹೊಡೆದಳು. ಪರದೆ ಖಾಲಿಯಾಯಿತು. ಸ್ಲೈಡ್ ಮೊದಲಿನಿಂದ ಶುರುವಾಯಿತು.

*ಬಿತ್ತೀದ ಗದ್ದೀಗೆ ಗಿಳಿಹಿಂಡು ಬಂದಾವೋ...*

ದನಿ ನಿಂತಿತು. ಸರ್ ರಿಮೋಟ್ ಒತ್ತಿದರು. ಮತ್ತೆ ಒತ್ತಿದರು. ಅಂಗೈಗೆ ಕುಟ್ಟಿ ನೋಡಿದರು.

"ಸೆಲ್ ಹೋಯ್ತಾ ಎಂತದು?"

"ಇಲ್ಲ ಸರ್. ನಾನೇ ತೆಗ್ದೆ."

ಅವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಬಂಗಾರಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ್ದಳು. ಅವಳ ಜೊತೆ ಬಸ್ಸಿನಲ್ಲಿ ಬಂದಿದ್ದ ಮಾದಿ ಕೊನೆಯ ಸಾಲಿನ ಕುರ್ಚಿಯಲ್ಲಿ, ಬಾಗಿಲ ಪಕ್ಕ ಕೂತಿದ್ದಳು. ಸಭೆಯೂ ಅತ್ತ ತಿರುಗಿತು. ಒಂದು ಸಾಲು ಹೇಳಿಬಿಡಲಿ, ಈ ಮನುಷ್ಯನ ಬಾಯಿ ಮುಚ್ಚಲಿ ಎಂದುಕೊಂಡಳು ಪವಿತ್ರಾ.

ಮಾದಿ ಬಾಯಿ ಬಿಡಲಿಲ್ಲ. ಎರಡನೆಯ ಸಾಲು ಬಂತು, ಮುಗಿಯಿತು.

"ಹೇಳೇ ಮಾದಿ," ಎಂದಳು ಬಂಗಾರಿ.

"ಎಂತಕ್ಕೆ? ಹಾಡೂಕೆ ನಾ ಬೇಡ, ಡಬ್ಬಿಗೆ ಓಗೊಡೂಕೆ ಬೇಕಾ?" ಮಾದಿಯ ದನಿ ಏರಿರಲಿಲ್ಲ. "ನಿನ್ನ ಮೊಮ್ಮಗಳ ಹತ್ರ ಹೇಳು. ಅವತ್ತು ಕಾರಲ್ಲಿ ನನ್ನ ಜಾಗದಲ್ಲಿ ಕೂತು ಹೋದವಳು ಅವಳೇ ಅಲ್ವಾ?"

ಹೌದು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತವಳು ಪವಿತ್ರಾಳೇ. ತಾನು ಬಸ್ಸಿಗೆ ಬರುತ್ತೇನೆ ಎನ್ನಲು ಅವಳಿಗೆ ಹೊಳೆದಿರಲಿಲ್ಲ. ಆಮೇಲೆ ಮಾದಿಯ ಹೊತ್ತನ್ನು ಸೆಕೆಂಡು ಸೆಕೆಂಡು ಅಳೆದು ಕಾಪಾಡಿದ್ದಳು. ಆದರೆ ನಡುವಿನ ಬೇಲಿ ದಾಟಿ ಮಾದಿಯ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಸಿಟ್ಟು ತಗ್ಗಲಿಲ್ಲ. ಅರ್ಧ ಸರ್ ಮೇಲೆ ಉಳಿಯಿತು, ಅರ್ಧ ತಿರುಗಿ ಅವಳ ಮೇಲೆಯೇ ಬಿತ್ತು.

ಮೂರನೆಯ ಸಾಲು ನಡೆಯುತ್ತಿತ್ತು. ಸರ್ ಮೇಜಿನ ಹತ್ತಿರ ಬಂದು ಬಗ್ಗಿದರು. "ಮರ್ಯಾದೆ ಹೋಯ್ತಲ್ಲ. ಈಗಾದ್ರೂ ನಿಲ್ಸು."

"ನಿಲ್ಸೂದಿಲ್ಲ ಸರ್. ನಾನೂ ಕಾಯ್ತೆ, ನೀವೂ ಕಾಯಿರಿ."

ಅವರು ಕೈ ಚಾಚಿದರು. ಅವಳು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು.

ನಾಲ್ಕನೆಯ ಸಾಲು ಮುಗಿಯಿತು. ಇಡೀ ಸಭೆ ಬಾಗಿಲ ಕಡೆ ನೋಡುತ್ತ ಕಾಯಿತು.

ಮಾದಿ ಹೇಳಲಿಲ್ಲ.